ಮೆಣಸಿನ ಧೂಳು ಕೂಡದ ಜಾಗ

ಬ್ಯಾಡಗಿಯಲ್ಲಿ ಹುಟ್ಟಿದವರು ಸೀನುವುದಿಲ್ಲ, ಹೊರಗಿನಿಂದ ಬಂದವರ ಸೀನು ನಿಲ್ಲುವುದಿಲ್ಲ. ಗುತ್ತಲದ ಹುಡುಗಿ ನಿರ್ಮಲಾ ಈ ಊರಿನ ಸೊಸೆಯಾಗಿ ಬಂದ ದಿನ, ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದೆಯುವ ಮೊದಲೇ ಸೀನಿ ಗಂಡನ ಮನೆಯ ಹೆಂಗಸರನ್ನೆಲ್ಲ ನಗಿಸಿದವಳು. ವರ್ಷ ತಿರುಗುವುದರೊಳಗೆ ಅವಳ ಮೂಗು ಈ ಊರಿನದಾಯಿತು. ಮೆಣಸಿನಕಾಯಿ ಪೇಟೆಯ ಗಾಳಿ ಅವಳಿಗೂ ಬರೀ ಗಾಳಿಯಾಯಿತು.

ಮೂಗಿನ ಮಾತು ಹಾಗಾಯಿತು, ಮನಸ್ಸಿನ ಮಾತು ಬೇರೆ. ತಂದೆತಾಯಿ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಒಡಹುಟ್ಟಿದವರಿರಲಿಲ್ಲ. ಮದುವೆ ಮಾಡಿಕೊಟ್ಟ ಸೋದರಮಾವ ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿದ್ದ. ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯಲು ಬರುವ ಗಂಡಸು ಇಲ್ಲದವಳಿಗೆ ತವರಿಲ್ಲ ಎಂದೇ ಲೆಕ್ಕ. ಓಣಿಯ ಸೊಸೆಯರು ಒಬ್ಬೊಬ್ಬರಾಗಿ ತಮ್ಮಂದಿರ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ನಿರ್ಮಲಾ ಬಾಗಿಲ ಮರೆಗೆ ನಿಂತು ನೋಡುವಳು. ನೋಡಿ, ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆಯುವಳು.

ಗಂಡ ಹಾಲಸಿದ್ದಪ್ಪ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುವವನು. ತಮಾಷೆಯ ಮನುಷ್ಯ, ಆದರೆ ಕಣ್ಣಿದ್ದವನು. ಹೆಂಡತಿಯ ಪಾತ್ರೆ ತೊಳೆಯುವ ಗುಟ್ಟು ಅವನಿಗೆ ತಿಳಿದಿತ್ತು. ‘ಮನ್ಯಾಗ ಕುಂತು ಗೋಡಿ ನೋಡೂದಕ್ಕಿಂತ ಏನರ ಕಲಿ’ ಎಂದು ಅವಳನ್ನು ರಾಣೆಬೆನ್ನೂರಿಗೆ ಕಂಪ್ಯೂಟರ್ ಕಲಿಯಲು ಕಳಿಸಿದ. ಅಲ್ಲಿ ಕಲಿಸುವವನು ಸುನೀಲಕುಮಾರ, ನಿರ್ಮಲಾಳಿಗಿಂತ ಐದಾರು ವರ್ಷ ಚಿಕ್ಕವನು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಇದು ಇಂಥದ್ದು, ಇದು ಇಂಥದ್ದು ಎಂದು ಅವನು ತೋರಿಸುತ್ತಿದ್ದರೆ ಹಿರಿಯರು ಹೊಲದ ಎಲ್ಲೆ ತೋರಿಸಿದಂತೆ ಇರುತ್ತಿತ್ತು. ಇವಳ ಡಬ್ಬಿಯ ರೊಟ್ಟಿ ಅವನು ತಿನ್ನುವನು, ಅವನ ತಾಯಿ ಕಳಿಸಿದ ಅವಲಕ್ಕಿ ಇವಳು ತಿನ್ನುವಳು.

ಒಂದು ದಿನ ಅವನು ಕೇಳಿದ, ‘ಪಂಚಮಿಗೆ ಯಾವಾಗ ಹೊಂಟೀ ಅಕ್ಕಾ, ತವರಮನಿಗೆ?’

ನಿರ್ಮಲಾ ಕೀಲಿಮಣೆಯ ಮೇಲಿಂದ ಕಣ್ಣೆತ್ತಲಿಲ್ಲ. ‘ನನಗೆಲ್ಲಿ ತವರೋ ತಮ್ಮಾ’ ಎಂದಳು.

ಆ ವರ್ಷ ಪಂಚಮಿಯ ಮುಂಚಿನ ದಿನ ಅವನು ಬ್ಯಾಡಗಿಯ ಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಬ್ಬಕ್ಕೆ ಹುರಿದ ಜೋಳದ ಅಳ್ಳಿನ ಚೀಲ, ಮೂಗಿನ ತುಂಬ ಸೀನು. ಸೀನುತ್ತಲೇ, ‘ನಮ್ಮವ್ವ ಕಳಿಸ್ಯಾಳಕ್ಕಾ. ಮಗಳನ್ನ ಕರಕೊಂಡ ಬಾ ಅಂದಾಳ’ ಎಂದ. ಹಾಲಸಿದ್ದಪ್ಪ, ‘ಬಂದಾ ನೋಡ ನಿನ್ನ ಕಂಪ್ಯೂಟರ್ ತಮ್ಮ!’ ಎಂದು ನಗೆಯಾಡಿದ. ನಿರ್ಮಲಾ ನಗಲಿಲ್ಲ. ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, ಓಣಿಯ ನಟ್ಟನಡುವೆ, ಎಲ್ಲರೂ ನೋಡುವಂತೆ, ಅವನ ಹಿಂದೆ ನಡೆದಳು.

ರಾಣೆಬೆನ್ನೂರಿನಲ್ಲಿ ಸುನೀಲನ ತಾಯಿ ಗದಿಗೆವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಎಳ್ಳುಂಡಿ, ಶೇಂಗಾ ಉಂಡಿ, ಬೇಸನ್ ಉಂಡಿ. ‘ತಿನ್ನವ್ವಾ, ಸೊರಗೀದಿ’ ಎಂದು ಗದಿಗೆವ್ವ ಅವಳ ತಲೆಗೆ ಎಣ್ಣೆ ಹಚ್ಚಿದಳು. ಅವತ್ತಿನಿಂದ ನಿರ್ಮಲಾಳಿಗೆ ತವರಾಯಿತು. ವರ್ಷ ವರ್ಷ ಸುನೀಲ ಬರುವುದು, ವರ್ಷ ವರ್ಷ ಇವಳು ಹೋಗುವುದು. ಈ ಕಥೆಯಲ್ಲಿ ಮುಂದೆ ಕಳೆದುಹೋದದ್ದು ಈ ತವರು. ಉಳಿದ ಸಾಮಾನಿನ ಮಾತು ಸಾಮಾನಿನ ಮಾತಷ್ಟೇ.

ಕಲಿತಾದ ಮೇಲೆ ನಿರ್ಮಲಾ ಪೇಟೆಯ ದಲಾಲಿ ಅಂಗಡಿಯೊಂದರ ಮಾಳಿಗೆ ಹಿಡಿದು ತಾನೇ ಕ್ಲಾಸು ತೆರೆದಳು. ಹುಬ್ಬಳ್ಳಿಯ ಯಾವುದೋ ಕಚೇರಿ ಮುಚ್ಚಿದಾಗ ಹೊರಬಿದ್ದ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಸುನೀಲನೇ ತಂದು ಜೋಡಿಸಿಕೊಟ್ಟ. ಕಲಿಯಲು ಬಂದವರು ಯಾರೆಂದರೆ ಕೆಳಗೆ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ಅವರಲ್ಲಿ ಸಿದ್ದವ್ವ ಎಂಬುವಳು ಮುಂದಾಳು, ಎರಡು ಮಕ್ಕಳ ತಾಯಿ, ಬಾಯಿ ಜೋರು. ಮೆಟ್ಟಿಲ ತುದಿಯಲ್ಲಿ ಒಂದು ಬಕೆಟ್ ನೀರು, ಸಾಬೂನು, ಕೊಬ್ಬರಿ ಎಣ್ಣೆ. ಕೈ ತೊಳೆದು, ಎಣ್ಣೆ ಹಚ್ಚಿ, ಒರೆಸಿಕೊಂಡು ಒಳಗೆ ಬರಬೇಕು. ತೊಳೆಯದ ಕೈ ಮೌಸಿಗೆ ತಾಗಿ, ಮೌಸು ಹಿಡಿದ ಕೈ ಕಣ್ಣಿಗೆ ತಾಗಿದರೆ ಅವತ್ತಿನ ಪಾಠ ಮುಗಿದಂತೆ. ‘ನಮ್ಮ ಅಕ್ಕಾರ ಕ್ಲಾಸಿನ್ಯಾಗ ತಪ್ಪು ಮಾಡಿದವರು ಅಳೂದಿಲ್ರಿ, ಕೈ ತೊಳೀದವರು ಅಳ್ತಾರ’ ಎನ್ನುವಳು ಸಿದ್ದವ್ವ.

ನಿರ್ಮಲಾಳಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮೊದಲ ಕಂಪ್ಯೂಟರಿನ ಗುಂಡಿ ಒತ್ತಿ, ಗೋಡೆಯ ಸರಸ್ವತಿಗೆ ಊದಿನಕಡ್ಡಿ ಹಚ್ಚುವಳು. ಗುಂಡಿ ಒತ್ತಿದೊಡನೆ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತವೆ. ಕಂಪ್ಯೂಟರು ತನ್ನ ನೆನಪಿನ ಶಕ್ತಿ ಎಷ್ಟಿದೆ ಎಂದು ತಾನೇ ಎಣಿಸಿಕೊಳ್ಳುವುದು ಅದು. ಆ ನೆನಪು ಇರುವುದು ಒಳಗಿನ ಸಣ್ಣ ಹಸಿರು ಪಟ್ಟಿಗಳಲ್ಲಿ. ಪಟ್ಟಿ ಎಂದರೆ ಕಂಪ್ಯೂಟರಿನ ಅಂಗಳ. ಅಂಗಳ ದೊಡ್ಡದಿದ್ದರೆ ಕಾಳು ಹರಡಬಹುದು, ಸಣ್ಣದಾದರೆ ರಾಶಿಯಲ್ಲೇ ಕೈಯಾಡಿಸಬೇಕು. ಊದಿನಕಡ್ಡಿ ಹತ್ತಿ, ಹೊಗೆ ಎದ್ದು, ಅವಳು ಕೈಮುಗಿದು ತಿರುಗುವ ಹೊತ್ತಿಗೆ ಎಣಿಕೆ ಸರಿಯಾಗಿ ಮುಗಿಯುತ್ತಿತ್ತು.

ಎರಡು ಸಾವಿರದ ಆರನೆಯ ಇಸವಿಯ ಪಂಚಮಿಗೆ ಸುನೀಲ ಕರೆಯಲು ಬಂದಾಗ ತಾನಾಗಿಯೇ ಹೇಳಿದ, ‘ಅಕ್ಕಾ, ಕ್ಲಾಸಿನ ಕೀಲಿ ಕೊಡು. ನೀ ಅಲ್ಲಿ ಜೋಕಾಲಿ ಆಡು. ನಿನ್ನ ಮನಿಗೆ ಮುಟ್ಟಿಸಿ ಬಂದು ನಾ ಇಲ್ಲಿ ನಾಕೂ ಮಶೀನ್ ಬಿಚ್ಚಿ ಧೂಳು ಹೊಡದು ಇಡ್ತೇನಿ. ಇದು ಈ ವರ್ಷದ ಉಡುಗೊರಿ ಅಂತ ತಿಳಿ.’

ಅವಳು ಕೀಲಿ ಕೊಟ್ಟಳು. ಕೊಡುವಾಗ ಕಣ್ಣು ತುಂಬಿತು. ಸೀರೆ ತರುವ ತಮ್ಮಂದಿರು ಊರಿಗೆಲ್ಲ ಇದ್ದಾರೆ, ಅಕ್ಕನ ಧೂಳು ಹೊಡೆಯುವ ತಮ್ಮ ಯಾರಿಗಿದ್ದಾನೆ?

ಹಬ್ಬದ ಮಾರನೆಯ ದಿನ ಹೊರಟು ನಿಂತರೆ ಗದಿಗೆವ್ವ ಬಿಡಲಿಲ್ಲ. ‘ಇನ್ನೆರಡು ದಿನ ಇರ ಮಗಳ’ ಎಂದು ಚೀಲವನ್ನೇ ಅಡಗಿಸಿಟ್ಟಳು. ಉಂಡಿ ತಿಂದು, ಜೋಕಾಲಿ ಜೀಕಿ, ತುಂಬಿದ ಹೊಟ್ಟೆ ತುಂಬಿದ ಮನಸ್ಸಿನಿಂದ ನಿರ್ಮಲಾ ಊರಿಗೆ ಬಂದಳು.

ಮರುದಿನ ಗುಂಡಿ ಒತ್ತಿದರೆ ಏನಾಶ್ಚರ್ಯ, ಊದಿನಕಡ್ಡಿಗೆ ಬೆಂಕಿ ಹತ್ತುವುದರೊಳಗೆ ಎಣಿಕೆ ಮುಗಿದೇ ಹೋಯಿತು! ‘ನೋಡ್ರೆವ್ವಾ, ನನ್ನ ತಮ್ಮ ಕೈ ಹಚ್ಚಿದ ಮ್ಯಾಲೆ ಎಷ್ಟ ಲಗೂ ಶುರು ಆಗಾಕತ್ಯಾವ!’ ಎಂದು ಹೆಂಗಸರಿಗೆಲ್ಲ ತೋರಿಸಿದಳು. ಸಿದ್ದವ್ವ, ‘ನನ್ನ ಗಂಡಗೂ ಒಮ್ಮೆ ಕೈ ಹಚ್ಚಾಕ ಹೇಳ್ರಿ, ಮುಂಜೇಲೆ ಲಗೂ ಏಳ್ಲಿ’ ಎಂದಳು. ಮಾಳಿಗೆಯೆಲ್ಲ ನಗು.

ನಗು ಬಹಳ ದಿನ ಉಳಿಯಲಿಲ್ಲ. ಲಗೂ ಏಳುವ ಕಂಪ್ಯೂಟರು ಎದ್ದ ಮೇಲೆ ನಡೆಯದು. ಒಂದು ಕಿಟಕಿ ತೆರೆದರೆ ಇನ್ನೊಂದು ತೆರೆಯದು. ಅಕ್ಷರ ಒತ್ತಿ ಎಷ್ಟೋ ಹೊತ್ತಿಗೆ ಪರದೆಗೆ ಬರುವುದು, ಒಮ್ಮೊಮ್ಮೆ ಬರುವುದೇ ಇಲ್ಲ. ಸುನೀಲನಿಗೆ ಫೋನು ಮಾಡಿದರೆ, ‘ವಯಸ್ಸಾತಕ್ಕಾ ಅವಕ್ಕ. ವೈರಸ್ಸೂ ಹೊಕ್ಕಿರ್ಬೇಕು. ಹಿಂಗ ಇಟಗೊಂಡು ಏನ ಮಾಡ್ತಿ? ನನಗ ಕೊಟ್ಟುಬಿಡು, ಗುಜರಿಗೆ ಹಾಕತೇನಿ. ಕ್ಲಾಸು ಬ್ಯಾಸರ ಆಗಿಲ್ಲೇನ ನಿನಗ?’ ಎಂದ. ಬೇಸರ ಎಂಬ ಮಾತು ಅವನ ಬಾಯಿಂದ ಬಂದದ್ದು ಅವಳ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು. ಆದರೂ ತಮ್ಮ, ಅಕ್ಕನ ದಣಿವು ನೋಡಲಾರದೆ ಹೇಳಿದ್ದಾನೆ ಎಂದುಕೊಂಡಳು.

ಹೆಂಗಸರು ಒಬ್ಬೊಬ್ಬರೇ ಬರುವುದು ಬಿಟ್ಟರು. ಆಗ ಅವಳಿಗೆ ನೆನಪಾದವರು ಹಾವೇರಿಯ ಯೂಸುಫಸಾಬರು. ಮದುವೆ ಕಾರ್ಡು ಅಚ್ಚು ಹಾಕುವ ಹಿರಿಯರು, ತಮ್ಮ ಅಂಗಡಿಯ ಹಳೆಯ ಕಂಪ್ಯೂಟರುಗಳನ್ನೆಲ್ಲ ವಿಂಡೋಸಿನ ಬದಲು ಲಿನಕ್ಸ್ ಹಾಕಿ ನಡೆಸುತ್ತಿದ್ದವರು. ಅವಳ ಪಾಡು ಕೇಳಿ ಒಂದು ಸಿಡಿ ಕೊಟ್ಟರು. ‘ಇದು ಬಿಟ್ಟಿ ತಂಗಿ, ಯಾರ ಹಂಗೂ ಇಲ್ಲ, ವೈರಸ್ಸಿನ ಕಾಟಾನೂ ಇಲ್ಲ. ಮುದಿ ಎತ್ತಿಗೆ ಹಗುರ ನೊಗ ಇದ್ದಂಗ. ಅಡಚಣಿ ಬಂದ್ರ ಫೋನ್ ಹಚ್ಚು.’

ಮೊದಲ ಅಡಚಣೆ ಮೊದಲ ಹೆಜ್ಜೆಗೇ ಬಂತು. ಸಿಡಿ ಹಾಕಿದರೆ ಡ್ರೈವು ಗರಗರ ತಿರುಗುತ್ತದೆ, ಓದುವುದಿಲ್ಲ. ನಿರ್ಮಲಾ ಅದನ್ನು ಬಿಚ್ಚಿ ನೋಡಿದಳು. ಸಿಡಿ ಓದುವ ಸಣ್ಣ ಗಾಜಿನ ಕಣ್ಣಿನ ಮೇಲೆ ಕೆಂಪಗೆ ಮೆಣಸಿನ ಧೂಳು ಕೂತಿತ್ತು. ಹತ್ತಿಯಲ್ಲಿ ಒರೆಸಿದಳು. ‘ಪಂಚಮ್ಯಾಗ ನಿಮ್ಮ ತಮ್ಮ ಧೂಳ ಹೊಡದಿದ್ರಲ್ರೀ?’ ಎಂದಳು ಸಿದ್ದವ್ವ. ‘ಬ್ಯಾಡಗಿ ಧೂಳ ನಿನಗ ಗೊತ್ತಿಲ್ಲೇನ? ಈಗ ಹೊಡದ್ರ ಈಗ ಕೂಡತೈತಿ’ ಎಂದು ನಿರ್ಮಲಾ ಅವಳ ಬಾಯಿ ಮುಚ್ಚಿಸಿದಳು.

ಸಿಡಿ ಓದಿತು. ಪರದೆಯ ಮೇಲೆ ಬಣ್ಣದ ಚಿತ್ರ ಮೂಡತೊಡಗಿ, ಅರ್ಧಕ್ಕೆ ನಿಂತಿತು. ಕಾದರು. ಚಹಾ ಕುಡಿದು ಬಂದು ನೋಡಿದರೂ ಚಿತ್ರ ಅರ್ಧವೇ. ಎರಡನೆಯ ಕಂಪ್ಯೂಟರಿಗೆ ಹಾಕಿದರೂ ಅಲ್ಲಿಗೇ ನಿಂತಿತು, ಮೂರನೆಯದಕ್ಕೂ ಅಷ್ಟೇ.

ಫೋನೆಂದರೆ ಕೆಳಗೆ ಚಹಾ ಅಂಗಡಿಯ ಕಾಯಿನ್ ಬಾಕ್ಸು. ನಿರ್ಮಲಾ ಮೇಲೆ ಕಂಪ್ಯೂಟರಿನ ಮುಂದೆ ಕೂತಳು, ಸಿದ್ದವ್ವ ಕೆಳಗೆ ಫೋನು ಹಿಡಿದಳು, ಮೆಟ್ಟಿಲ ನಡುವೆ ಇನ್ನೊಬ್ಬಳನ್ನು ನಿಲ್ಲಿಸಿದರು. ಯೂಸುಫಸಾಬರ ಮಾತು ಹಾವೇರಿಯಿಂದ ಬಂದು, ಸಿದ್ದವ್ವನ ಬಾಯಿಂದ ಹೊರಟು, ಮೆಟ್ಟಿಲ ಹತ್ತಿ ಮಾಳಿಗೆ ಸೇರುತ್ತಿತ್ತು.

‘ಅಕ್ಕಾರ, ಸಾಬರು ಅಂತಾರ, ಚಿತ್ರ ಬ್ಯಾಡಂತ! ಬರೀ ಅಕ್ಷರದಾಗ ಹಾಕ್ಕೋ ಅಂತ ಅದಕ್ಕ ಹೇಳಬೇಕಂತ!’

‘ಹೆಂಗ ಹೇಳಬೇಕ ಕೇಳ!’

‘ಶುರುವಿನ್ಯಾಗ ಟೆಕ್ಸ್ಟ್ ಅಂತ ಹೊಡದು ಎಂಟರ್ ಒತ್ತ್ರಿ!’

ಒತ್ತಿದಳು. ನೀಲಿ ಪರದೆಯ ಮೇಲೆ ಬರಿಯ ಅಕ್ಷರಗಳು ಬಂದವು. ಬಂದವು, ಮುಂದೆ ನಡೆದವು. ಚಹಾ ಅಂಗಡಿಯವನೂ ಕೆಳಗಿನಿಂದ, ‘ಆತೇನ್ರಿ?’ ಎಂದು ಕೂಗಿದ. ಸಂಜೆಯ ಹೊತ್ತಿಗೆ ಮೊದಲ ಕಂಪ್ಯೂಟರಿನಲ್ಲಿ ಲಿನಕ್ಸ್ ಕೂತಿತ್ತು.

ಮರುದಿನ ಯೂಸುಫಸಾಬರಿಗೆ ಧನ್ಯವಾದ ಹೇಳಲು ಫೋನು ಮಾಡಿದರೆ ಅವರು ಖುಷಿಯಾಗಲಿಲ್ಲ. ‘ಅಲ್ಲ ತಂಗಿ, ಚಿತ್ರದ ದಾರ್ಯಾಗ ಹೋಗಬೇಕಿತ್ತಲ್ಲ? ನಿನ್ನ ಮಶೀನ್ಯಾಗ ಎರಡೆರಡು ಪಟ್ಟಿ ನೆನಪು ಅದಾವ ಅಂದಿದ್ದಿ. ಅಷ್ಟಿದ್ರ ನಿಂದ್ರಬಾರದು. ಒಂದ ಕೆಲಸ ಮಾಡು, ಫ್ರೀ ಅಂತ ಹೊಡದು ನೋಡು. ಒಳಗ ಎಷ್ಟೈತಿ ಅಂತ ಅದ ಹೇಳತೈತಿ.’

ಹೊಡೆದು ನೋಡಿದಳು. ಇರಬೇಕಾದದ್ದರ ಅರ್ಧ. ಉಳಿದ ಮೂರಕ್ಕೂ ಅಕ್ಷರದ ದಾರಿಯಲ್ಲೇ ಲಿನಕ್ಸ್ ಹಾಕಿ ನೋಡಿದಳು. ಎಲ್ಲದರಲ್ಲೂ ಅರ್ಧ.

ಹೆಂಗಸರೆಲ್ಲ ಹೋದ ಮೇಲೆ ಸ್ಕ್ರೂ ಬಿಚ್ಚಿ ಡಬ್ಬಿಯ ಬದಿ ತೆಗೆದಳು. ಒಳಗೆಲ್ಲ ಕೆಂಪು. ಫ್ಯಾನಿನ ರೆಕ್ಕೆ ಕೆಂಪು, ವೈರು ಕೆಂಪು, ಮೂಲೆಮೂಲೆಯಲ್ಲಿ ಎಷ್ಟೋ ತಿಂಗಳ ಧೂಳು ಮೆತ್ತೆಯಾಗಿ ಕೂತಿತ್ತು. ಇದನ್ನು ಯಾರೂ ಸ್ವಚ್ಛ ಮಾಡಿರಲಿಲ್ಲ. ನೆನಪಿನ ಪಟ್ಟಿ ಸಿಕ್ಕಿಸುವ ಸಂದುಗಳು ಮೂರು. ಒಂದರಲ್ಲಿ ಪಟ್ಟಿ ಇತ್ತು. ಮೊದಲಿನಿಂದ ಖಾಲಿ ಇದ್ದ ಇನ್ನೊಂದರಲ್ಲಿ ಧೂಳು ತುಂಬಿ ಸಂದೇ ಕಾಣುತ್ತಿರಲಿಲ್ಲ. ನಡುವಿನದೂ ಖಾಲಿ. ಆದರೆ ಅದು ಕಪ್ಪಗೆ, ನುಣ್ಣಗೆ, ಒಳಗಿನ ಬಂಗಾರ ಬಣ್ಣದ ಹಲ್ಲುಗಳು ಹೊಳೆಯುವಷ್ಟು ಸ್ವಚ್ಛವಾಗಿತ್ತು. ಮೊನ್ನೆಮೊನ್ನೆಯವರೆಗೆ ಅಲ್ಲೊಂದು ಪಟ್ಟಿ ಕೂತು ಧೂಳಿಗೆ ಜಾಗ ಕೊಟ್ಟಿರಲಿಲ್ಲ. ಇಡೀ ಡಬ್ಬಿಯಲ್ಲಿ ಸ್ವಚ್ಛವಾಗಿದ್ದದ್ದು ಅದೊಂದೇ.

ಎರಡನೆಯದನ್ನು ಬಿಚ್ಚಿದಳು. ಅದೇ ಕಥೆ. ಮೂರನೆಯದನ್ನು ಬಿಚ್ಚುವ ಕೈ ಅವಳಿಗೆ ಬರಲಿಲ್ಲ.

ಮನೆಯಲ್ಲಿ ಹಾಲಸಿದ್ದಪ್ಪ ಎಲ್ಲ ಕೇಳಿ ಅಡಿಕೆ ಕತ್ತರಿಸುತ್ತ ಒಂದೇ ಮಾತು ಅಂದ, ‘ಕೀಲಿ ಯಾರ ಕೈಯಾಗಿತ್ತು?’

‘ನನ್ನ ತವರಿನ ಸುದ್ದಿಗೆ ಬರಬ್ಯಾಡ್ರಿ!’ ನಿರ್ಮಲಾ ಹೊಗೆಯುಗುಳುವ ಒಲೆಯಂತಾದಳು. ‘ಯಾರೂ ಇಲ್ಲದಾಕಿಗೆ ಒಬ್ಬ ತಮ್ಮ ಸಿಕ್ಕಾನ, ಅದೂ ನೋಡಾಕ ಆಗವಲ್ದು ನಿಮಗ!’

‘ನಾ ಏನಂದೆ? ಕೀಲಿ ಕೇಳಿದೆ’ ಎಂದು ಹಾಲಸಿದ್ದಪ್ಪ ಮತ್ತೆ ಅಡಿಕೆಗೆ ಕೈ ಹಾಕಿದ. ದಿನವಿಡೀ ತಕ್ಕಡಿಯ ಮುಳ್ಳು ನೋಡುವವನು, ಮುಳ್ಳು ತಾನಾಗಿ ನಿಲ್ಲುವವರೆಗೆ ಕಾಯುವುದು ಅವನಿಗೆ ಗೊತ್ತಿತ್ತು.

ಅವಳು ರಾಣೆಬೆನ್ನೂರಿಗೆ ಹೋದಳು. ಕರೆಯದೆ ತವರಿಗೆ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವನ ಪರವಾಗಿ ತಾನೇ ವಕೀಲಿ ಮಾಡಿದಳು. ಪಟ್ಟಿ ಕೆಟ್ಟಿರಬೇಕು, ಹೊಸದು ಹಾಕಿಸಲು ಒಯ್ದಿರಬೇಕು, ಹೇಳಲು ಮರೆತಿರಬೇಕು. ಬಸ್ಸಿಳಿಯುವ ಹೊತ್ತಿಗೆ ಮುಕ್ಕಾಲು ನಂಬಿಯೂ ಬಿಟ್ಟಿದ್ದಳು.

ಗದಿಗೆವ್ವ ಒಬ್ಬಳೇ ಇದ್ದಳು. ಮಗಳನ್ನು ಕಂಡು ಹಿಗ್ಗಿ, ರೊಟ್ಟಿ ಬಡಿಯಲು ಕೂತಳು. ಬಡಿಯುತ್ತ, ಪಾಪ, ಏನೂ ಅರಿಯದೆ ಹೇಳಿದಳು, ‘ಸುನೀಲಗ ನಿನ್ನ ಮ್ಯಾಲೆ ಎಷ್ಟ ಜೀವ ಐತಿ ನೋಡವ್ವಾ. ಪಂಚಮ್ಯಾಗ ನೀ ಹೊಂಟಾಗ, ಅವ್ವಾ, ಅಕ್ಕನ್ನ ಇನ್ನೆರಡು ದಿನ ಬಿಡಬ್ಯಾಡ, ನನ್ನ ಕೆಲಸ ಮುಗ್ದಿಲ್ಲ ಅಂತ ಫೋನ್ ಹಚ್ಚಿ ಹೇಳಿದ್ದ. ಅದಕ್ಕ ನಿನ್ನ ಚೀಲ ಮುಚ್ಚಿಟ್ಟಿದ್ದೆ ನಾ.’

ನಿರ್ಮಲಾಳ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ತೆರೆದ ಹಿತ್ತಲ ಬಾಗಿಲಿನಲ್ಲಿ ಬೇವಿನ ಮರ ಕಾಣುತ್ತಿತ್ತು. ಪಟ್ಟಿ ಹೋದದ್ದಕ್ಕೆ ಅವಳು ಅಷ್ಟು ನೊಂದಿರಲಿಲ್ಲ. ಆ ಎರಡು ದಿನದ ಜೋಕಾಲಿ, ಆ ಎಣ್ಣೆ, ‘ಇರ ಮಗಳ’ ಎಂಬ ಆ ಮಾತು, ಎಲ್ಲದರ ಕೆಳಗೆ ಒಬ್ಬ ಕೂತು ಸ್ಕ್ರೂ ಬಿಚ್ಚುತ್ತಿದ್ದ.

ಸುನೀಲ ಬಂದ. ಅವಳ ಮುಖ ನೋಡಿದೊಡನೆ ತಿಳಿಯಿತು ಅವನಿಗೆ. ತಾಯಿಗೆ ಕೇಳದಂತೆ ಹಿತ್ತಲಿಗೆ ಕರೆದ.

‘ಹಾವೇರ್ಯಾಗ ಒಂದ ಕಡೆ ಹಳೇ ಮಶೀನ್ ಕೂಡಿಸಿ ಕೊಡಾಕ ಒಪ್ಪಿದ್ದೆ ಅಕ್ಕಾ. ಆ ನಮೂನಿ ಪಟ್ಟಿ ಈಗ ಎಲ್ಲೂ ಸಿಗವಲ್ವು. ಹೊಸಾವು ಹತ್ತೂದಿಲ್ಲ. ಮಾತ ಕೊಟ್ಟ ಕುಂತಿದ್ದೆ...’

‘ಕೇಳಿದ್ರ ನಾ ಕೊಡ್ತಿದ್ದಿಲ್ಲೇನ?’

ಅವನು ಕಾಲ ಬೆರಳಿಂದ ನೆಲ ಕೆರೆದ. ‘ಕೊಡ್ತಿದ್ದಿ.’

‘ಮತ್ತ?’

‘ಕ್ಲಾಸು ಹೆಂಗೂ ಬಿಡ್ತಿ ಅನ್ಕೊಂಡೆ. ಅಷ್ಟಕ್ಕೂ ಅಕ್ಕನ ಮನಿದು ತಮ್ಮ ತಗೊಂಡ್ರ ಅದಕ್ಕ ಕಳುವು ಅಂತಾರೇನಕ್ಕಾ?’

ನಿರ್ಮಲಾಳಿಗೆ ಬೈಗುಳ ಬಾಯಿಯವರೆಗೆ ಬಂದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ‘ಕಳುವು ಮಾಡಿದಾಂವ ಹೊರಗಿನಾಂವ ಆಗಿದ್ರ ಪೊಲೀಸರಿಗೆ ಹೇಳ್ತಿದ್ದೆ. ನಿನ್ನ ಸುದ್ದಿ ಯಾರಿಗೆ ಹೇಳ್ಲಿ?’ ಎಂದಳಷ್ಟೇ. ಒಳಗೆ ಹೋಗಿ ಗದಿಗೆವ್ವ ಕೊಟ್ಟ ಎರಡು ರೊಟ್ಟಿ ಉಂಡು, ಅವಳ ಕಾಲು ಮುಟ್ಟಿ, ಬಸ್ಸು ಹತ್ತಿದಳು. ಮುದುಕಿಗೆ ಒಂದಕ್ಷರ ಹೇಳಲಿಲ್ಲ.

ಪಟ್ಟಿಗಳು ತಿರುಗಿ ಬರಲಿಲ್ಲ. ಇದ್ದ ಅರ್ಧ ನೆನಪಿನಲ್ಲೇ ಕ್ಲಾಸು ನಡೆಯಿತು. ಯೂಸುಫಸಾಬರು ಒಂದು ದಿನ ತಾವೇ ಬ್ಯಾಡಗಿಗೆ ಬಂದು, ಸೀನುತ್ತ ಸೀನುತ್ತ, ಬಣ್ಣದ ಬೆಡಗನ್ನೆಲ್ಲ ಕಿತ್ತುಹಾಕಿ ಬಡವರ ಮನೆಯಂಥ ಹಗುರ ಪರದೆ ಕೂಡಿಸಿಕೊಟ್ಟರು. ನಿಧಾನಕ್ಕೆ ನಡೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಬಿಟ್ಟುಹೋದ ಹೆಂಗಸರು ಮರಳಿದರು. ಕೀಲಿಯನ್ನು ನಿರ್ಮಲಾ ತಾಳಿಯ ಸರಕ್ಕೇ ಪಿನ್ನು ಹಾಕಿ ಸಿಕ್ಕಿಸಿಕೊಂಡಳು. ಬೆಳಿಗ್ಗೆ ಗುಂಡಿ ಒತ್ತಿ ಊದಿನಕಡ್ಡಿ ಹಚ್ಚುವ ಪದ್ಧತಿ ಬಿಡಲಿಲ್ಲ, ಆದರೆ ಆಗ ಪರದೆಯ ಕಡೆ ಬೆನ್ನು ಮಾಡಿ ನಿಲ್ಲುವಳು.

ಮುಂದಿನ ಪಂಚಮಿ ಬಂತು. ಅವನೂ ಬಂದ. ಬರಲಿಕ್ಕಿಲ್ಲ ಎಂದುಕೊಂಡಿದ್ದಳು, ಬಂದೇ ಬಿಟ್ಟ, ಅದೇ ಅಳ್ಳಿನ ಚೀಲ, ಅದೇ ಸೀನು. ಮೆಟ್ಟಿಲ ತುದಿಯಲ್ಲಿ, ಬಕೆಟ್ಟಿನ ಪಕ್ಕ ನಿಂತ. ‘ಅವ್ವ ಕಳಿಸ್ಯಾಳಕ್ಕಾ.’

‘ನಿಂದ್ರು’ ಎಂದಳು ನಿರ್ಮಲಾ. ಕಂಪ್ಯೂಟರಿನ ಗುಂಡಿ ಒತ್ತಿ, ಊದಿನಕಡ್ಡಿ ಕೈಗೆತ್ತಿಕೊಂಡು, ಕಡ್ಡಿ ಗೀರಿದಳು. ಊದಿನಕಡ್ಡಿಯ ತುದಿ ಇನ್ನೂ ಕೆಂಪಾಗಿರಲಿಲ್ಲ, ಪರದೆಯ ಮೂಲೆಯ ಅಂಕಿ ಓಡಿ ನಿಂತುಬಿಟ್ಟಿತು. ಈ ಸಲ ಅವಳು ಬೆನ್ನು ಮಾಡಿರಲಿಲ್ಲ. ಅವನೂ ನೋಡಿದ. ಆ ಎಣಿಕೆ ಏನೆಂದು ಅವಳಿಗೆ ಕಲಿಸಿದವನೇ ಅವನು.

‘ಕರಿಯಾಕ ನೀ ಬರಬ್ಯಾಡ ಇನ್ನ. ಅವ್ವನ್ನ ನೋಡಾಕ ನಾನ ಬರ್ತೇನಿ, ಬಸ್ಸಿನ ದಾರಿ ನನಗ ಗೊತ್ತೈತಿ.’

ಸುನೀಲ ಚೀಲವನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದ. ಅವನ ಸೀನು ಪೇಟೆಯ ತಿರುವಿನವರೆಗೂ ಕೇಳುತ್ತಿತ್ತು.

ಕೈ ಒರೆಸಿಕೊಳ್ಳುತ್ತ ಒಳಬಂದ ಸಿದ್ದವ್ವ, ಬೆನ್ನಷ್ಟೇ ಕಂಡಿದ್ದಳೋ ಏನೋ, ಕೇಳಿದಳು, ‘ಯಾರ್ರಿ ಅಕ್ಕಾರ ಬಂದಿದ್ದು?’

‘ಮಶೀನ್ ರಿಪೇರಿ ಮಾಡಾಂವ’ ಎಂದಳು ನಿರ್ಮಲಾ. ‘ಕುಂದರ, ಪಾಠ ಶುರು ಮಾಡೂಣು.’

ಹಬ್ಬ ಮುಗಿದು ವಾರದ ಮೇಲೆ, ಜೋಕಾಲಿ ಬಿಚ್ಚಿದ ಮೇಲೆ, ಅವಳು ಒಬ್ಬಳೇ ರಾಣೆಬೆನ್ನೂರಿಗೆ ಹೋಗಿ ಬಂದಳು. ಓಣಿಯವರು ಯಾರೂ ನೋಡಲಿಲ್ಲ. ಗದಿಗೆವ್ವ ತಲೆಗೆ ಎಣ್ಣೆ ಹಚ್ಚುತ್ತ, ‘ಹಬ್ಬಕ್ಕ ಯಾಕ ಬರಲಿಲ್ಲ ಮಗಳ?’ ಎಂದು ಕೇಳಿದಳು.

‘ಕ್ಲಾಸಿತ್ತವ್ವಾ’ ಎಂದಳು.